ಚಾಸಿಯನ್ನೇ ಅರ್ಧಕ್ಕೆ ನಿಲ್ಲಿಸಿದ ಕಾಲಿನ್ ಚಾಪ್‌ಮನ್

ರೇಸ್ ಕಾರಿನ ಹಿಂಭಾಗಕ್ಕೆ ಚಾಸಿಯೇ ಬೇಕಿಲ್ಲ ಎಂದು ಓಡಿಸಿ, ಗೆದ್ದು ತೋರಿಸಿದವರು ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್. ಲೋಟಸ್ ಕಾರು ಕಂಪನಿಯ ಸ್ಥಾಪಕರು ಇವರೇ. ಒಂದು ಬಿಡಿಭಾಗ ಎರಡು ಕೆಲಸ ಮಾಡುವುದಾದರೆ ಇನ್ನೊಂದು ಬಿಡಿಭಾಗ ಯಾಕೆ ಎಂಬುದು ಅವರ ಲೆಕ್ಕ. ಈ ಲೆಕ್ಕದಿಂದ ಅವರ ತಂಡಕ್ಕೆ ಫಾರ್ಮುಲಾ ಒನ್‌ನಲ್ಲಿ ಏಳು ಬಾರಿ ತಯಾರಕರ ವಿಶ್ವ ಪ್ರಶಸ್ತಿ ಬಂತು. ಅದೇ ಲೆಕ್ಕ ಚಾಲಕರ ಪ್ರಾಣಕ್ಕೆ ಸಂಚಕಾರವನ್ನೂ ತಂದಿತು. ಇವೆರಡೂ ಎದ್ದು ಕಾಣುವುದು ಅವರ ಕಾರುಗಳ ಹಿಂದಿನ ಚಾಸಿ ಮತ್ತು ಸಸ್ಪೆನ್ಷನ್‌ನಲ್ಲಿ.

ಹಳೇ ಆಸ್ಟಿನ್‌ನಿಂದ ಆರಂಭ

ಚಾಪ್‌ಮನ್ ಹುಟ್ಟಿದ್ದು 1928ರ ಮೇ 19ರಂದು, ಲಂಡನ್ನಿನ ಪಕ್ಕದ ರಿಚ್ಮಂಡ್‌ನಲ್ಲಿ. ತಂದೆ ಹೋಟೆಲು ನಡೆಸುತ್ತಿದ್ದರು. ಮಗ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಲಿತದ್ದು ಕಟ್ಟಡ, ಸೇತುವೆಗಳಂಥ ರಚನೆಗಳ ಎಂಜಿನಿಯರಿಂಗ್. ಜೊತೆಗೆ ವಿಮಾನ ಹಾರಿಸುವುದನ್ನೂ ಕಲಿತರು. ಯಾವ ತೊಲೆಯ ಮೇಲೆ ಎಷ್ಟು ಭಾರ ಬೀಳುತ್ತದೆ, ಎಲ್ಲಿ ಕಬ್ಬಿಣ ಸುಮ್ಮನೆ ಕೂತಿದೆ ಎಂದು ನೋಡುವ ಕಣ್ಣು ಅವರಿಗೆ ಅಲ್ಲಿಂದ ಬಂತು.

ಓದುವಾಗಲೇ ಹಳೇ ಕಾರುಗಳ ವ್ಯಾಪಾರ ಮಾಡುತ್ತಿದ್ದರು. 1948ರಲ್ಲಿ ಒಂದು ಹಳೇ ಆಸ್ಟಿನ್ ಸೆವೆನ್ ಕಾರಿನ ಮೈ ಬಿಚ್ಚಿ ಹಾಕಿ ತಮ್ಮದೇ ಮೊದಲ ಸ್ಪರ್ಧೆಯ ಕಾರನ್ನು ಕಟ್ಟಿದರು. ಜಾಗ, ಮುಂದೆ ಹೆಂಡತಿಯಾಗಲಿದ್ದ ಹೇಜಲ್ ಅವರ ತಂದೆತಾಯಿಯ ಮನೆಯ ಗ್ಯಾರೇಜು. 1952ರಲ್ಲಿ ಹೇಜಲ್ ಕೊಟ್ಟ 25 ಪೌಂಡ್ ಬಂಡವಾಳದಿಂದ ಲೋಟಸ್ ಎಂಜಿನಿಯರಿಂಗ್ ಕಂಪನಿ ಶುರುವಾಯಿತು.

ವ್ಯಾನ್‌ವಾಲ್ ರಿಪೇರಿ

ಚಾಪ್‌ಮನ್ ಅವರ ಹೆಸರು ದೊಡ್ಡ ರೇಸುಗಳ ವಲಯದಲ್ಲಿ ಕೇಳಿಬಂದದ್ದು ಬೇರೆಯವರ ಕಾರಿನಿಂದ. ಬೇರಿಂಗ್ ಉದ್ಯಮಿ ಟೋನಿ ವ್ಯಾಂಡರ್‌ವೆಲ್ ಅವರ ವ್ಯಾನ್‌ವಾಲ್ ಕಾರಿಗೆ ಎಂಜಿನ್ ಬಲವಿತ್ತು, ಆದರೆ ಇಟಲಿಯ ಕಾರುಗಳನ್ನು ಹಿಂದೆ ಹಾಕಲು ಆಗುತ್ತಿರಲಿಲ್ಲ. 1956ರ ಸಾಲಿಗೆ ಚಾಸಿ ಸುಧಾರಿಸಲು ಚಾಪ್‌ಮನ್ ಅವರನ್ನು ಕರೆಸಲಾಯಿತು. ಹಳೆಯದಕ್ಕೆ ತೇಪೆ ಹಾಕುವುದನ್ನು ಬಿಟ್ಟು ಅವರು ಹೊಸ ಚಾಸಿಯನ್ನೇ ಬರೆದುಕೊಟ್ಟರು. ತಗಡಿನ ಶೆಡ್ಡಿನ ಮೇಲಿನ ಕಬ್ಬಿಣದ ಟ್ರಸ್ ಹೇಗಿರುತ್ತದೋ ಹಾಗೆ, ಸಣ್ಣ ಕೊಳವೆಗಳನ್ನು ತ್ರಿಕೋನ ತ್ರಿಕೋನವಾಗಿ ಬೆಸೆದ ಚೌಕಟ್ಟು ಅದು. ಚೌಕ ಓರೆಯಾಗಬಹುದು, ತ್ರಿಕೋನ ಓರೆಯಾಗದು. ಆದ್ದರಿಂದ ಕಡಿಮೆ ತೂಕದಲ್ಲಿ ಹೆಚ್ಚು ಬಿಗಿ ಸಿಕ್ಕಿತು.

1957ರ ಹೊತ್ತಿಗೆ ವ್ಯಾನ್‌ವಾಲ್‌ನ ಹಿಂದಿನ ಪಟ್ಟಿ ಸ್ಪ್ರಿಂಗ್ ಹೋಗಿ ಸುರುಳಿ ಸ್ಪ್ರಿಂಗ್ ಬಂತು. ಆ ವರ್ಷ ಏಂಟ್ರಿಯಲ್ಲಿ ನಡೆದ ಬ್ರಿಟಿಷ್ ಗ್ರಾನ್ ಪ್ರಿಯನ್ನು ಸ್ಟರ್ಲಿಂಗ್ ಮಾಸ್ ಮತ್ತು ಟೋನಿ ಬ್ರೂಕ್ಸ್ ಒಂದೇ ವ್ಯಾನ್‌ವಾಲ್ ಹಂಚಿಕೊಂಡು ಗೆದ್ದರು. ಬ್ರಿಟಿಷ್ ಕಾರೊಂದು ವಿಶ್ವ ಚಾಂಪಿಯನ್‌ಶಿಪ್ ಗ್ರಾನ್ ಪ್ರಿ ಗೆದ್ದದ್ದು ಅದೇ ಮೊದಲು. 1958ರಲ್ಲಿ ತಯಾರಕರ ಮೊಟ್ಟಮೊದಲ ವಿಶ್ವ ಪ್ರಶಸ್ತಿಯೂ ವ್ಯಾನ್‌ವಾಲ್‌ಗೇ ಸಂದಿತು.

ಮೂರೇ ತುಂಡಿನ ಸಸ್ಪೆನ್ಷನ್

ಅದೇ 1957ರಲ್ಲಿ ಚಾಪ್‌ಮನ್ ತಮ್ಮ ಲೋಟಸ್ 12 ಕಾರಿನ ಹಿಂದಿನ ಗಾಲಿಗೆ ಬಲು ಸರಳವಾದ ಏರ್ಪಾಡು ಮಾಡಿದರು. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಒಂದು ಉದ್ದನೆಯ ಕಾಲು ಮೇಲೆ ಚಾಸಿಗೆ, ಕೆಳಗೆ ಗಾಲಿಯ ಹಬ್ಬಿಗೆ. ಗಾಲಿ ಹಿಂದೆ ಮುಂದೆ ಸರಿಯದಂತೆ ಒಂದು ಸರಳು. ಗಾಲಿ ಅಕ್ಕಪಕ್ಕ ಸರಿಯದಂತೆ ಹಿಡಿಯಲು ಇನ್ನೊಂದು ಸರಳು ಬೇಕಲ್ಲವೇ? ಅದನ್ನು ಅವರು ಹಾಕಲಿಲ್ಲ. ಎಂಜಿನ್ನಿನ ಶಕ್ತಿಯನ್ನು ಗಾಲಿಗೆ ಮುಟ್ಟಿಸುವ ಶಾಫ್ಟ್ ಹೇಗೂ ಅಲ್ಲೇ ಇತ್ತು, ಆ ಕೆಲಸವನ್ನೂ ಅದಕ್ಕೇ ಹೊರಿಸಿದರು. ಈ ವ್ಯವಸ್ಥೆಗೆ ಇಂದಿಗೂ ಚಾಪ್‌ಮನ್ ಸ್ಟ್ರಟ್ ಎಂದೇ ಹೆಸರು.

ಇದರ ಇನ್ನೊಂದು ಮುಖ ನೋಡಬೇಕು. ಎರಡು ಕೆಲಸ ಮಾಡುವ ಬಿಡಿಭಾಗ ಮುರಿದರೆ ಎರಡೂ ಕೆಲಸ ಒಟ್ಟಿಗೇ ನಿಲ್ಲುತ್ತವೆ. ಎತ್ತಿನ ಗಾಡಿಯ ಕಡಾಣಿ ಬಿದ್ದರೆ ಗಾಲಿ ಕಳಚುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1960ರಲ್ಲಿ ಎಂಜಿನ್ ಹಿಂದಿರುವ ಲೋಟಸ್ 18 ಬಂತು. ಆ ವರ್ಷದ ಮೊನಾಕೊ ಗ್ರಾನ್ ಪ್ರಿಯನ್ನು ಮಾಸ್ ಈ ಕಾರಿನಲ್ಲೇ ಗೆದ್ದರು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಲೋಟಸ್ ಕಾರಿಗೆ ಅದು ಮೊದಲ ಗೆಲುವು. ಕೆಲವೇ ವಾರಗಳಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಅಭ್ಯಾಸದ ವೇಳೆ ಅದೇ ಮಾದರಿಯ ಕಾರಿನ ಹಿಂದಿನ ಗಾಲಿ ಕಳಚಿಹೋಗಿ ಮಾಸ್ ಅವರ ಎರಡೂ ಕಾಲು ಮುರಿದವು. ಅದೇ ದಿನ ಇನ್ನೊಂದು ಲೋಟಸ್ 18ರ ಸ್ಟೀರಿಂಗ್ ಮುರಿದು ಮೈಕ್ ಟೇಲರ್ ತೀವ್ರವಾಗಿ ಗಾಯಗೊಂಡರು. ಅವರು ಲೋಟಸ್ ಮೇಲೆ ನ್ಯಾಯಾಲಯದ ಮೆಟ್ಟಿಲೇರಿದರು. ಲೋಟಸ್ ಕಾರು ವೇಗದ್ದು ಆದರೆ ಸೂಕ್ಷ್ಮದ್ದು ಎಂಬ ಮಾತು ಅಂದಿನಿಂದ ಅಂಟಿಕೊಂಡಿತು.

ಟ್ರ್ಯಾಕ್ಟರಿನಂತೆ ಕಟ್ಟಿದ ರೇಸ್ ಕಾರು

1962ರ ಲೋಟಸ್ 25ರಲ್ಲಿ ಕೊಳವೆಗಳ ಚೌಕಟ್ಟು ಹೋಗಿ ಅಲ್ಯುಮಿನಿಯಂ ತಗಡಿನ ದೋಣಿಯಂಥ ಚಾಸಿ ಬಂತು. ಸ್ಕಾಟ್ಲೆಂಡಿನ ಜಿಮ್ ಕ್ಲಾರ್ಕ್ 1963ರಲ್ಲಿ ಇದರಲ್ಲೇ ಹತ್ತು ಗ್ರಾನ್ ಪ್ರಿಗಳ ಪೈಕಿ ಏಳನ್ನು ಗೆದ್ದು ವಿಶ್ವ ಚಾಂಪಿಯನ್ ಆದರು. ಆದರೆ ಆ ಕಾರಿನಲ್ಲೂ ಚಾಸಿಯ ಎರಡು ತೋಳುಗಳು ಹಿಂದಕ್ಕೆ ಚಾಚಿ ಎಂಜಿನ್ನನ್ನು ಹಿಡಿದುಕೊಂಡಿದ್ದವು.

1967ರ ಲೋಟಸ್ 49ರಲ್ಲಿ ಆ ತೋಳುಗಳೂ ಹೋದವು. ಚಾಲಕನ ಬೆನ್ನ ಹಿಂದೆ ಚಾಸಿ ಮುಗಿಯಿತು. ಅದಕ್ಕೆ ನಾಲ್ಕು ಬೋಲ್ಟುಗಳಿಂದ ಎಂಜಿನ್, ಎಂಜಿನ್ನಿನ ಹಿಂದೆ ಗೇರ್‌ಬಾಕ್ಸ್. ಹಿಂದಿನ ಸಸ್ಪೆನ್ಷನ್ನಿನ ಭಾರವೆಲ್ಲ ಇವೆರಡರ ಮೇಲೆ. ಹೊಲದಲ್ಲಿ ಟ್ರ್ಯಾಕ್ಟರ್ ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಟ್ರ್ಯಾಕ್ಟರಿನಲ್ಲಿ ಸಾಮಾನ್ಯವಾಗಿ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಒಂದಕ್ಕೊಂದು ಬೋಲ್ಟ್ ಆಗಿ ಅವೇ ಬೆನ್ನೆಲುಬಾಗಿರುತ್ತವೆ. ಕ್ಲಚ್ ಕೆಲಸ ಬಂದರೆ ನಡುವೆ ಬಿಚ್ಚಿ ಎರಡು ಹೋಳು ಮಾಡುವುದು ಇದಕ್ಕೇ. ಫೋರ್ಡ್‌ಸನ್ ಟ್ರ್ಯಾಕ್ಟರಿನಲ್ಲಿ 1917ರಲ್ಲೇ ಈ ಪದ್ಧತಿ ಇತ್ತು. ರೇಸ್ ಕಾರುಗಳಲ್ಲಿಯೂ 1954ರ ಲಾನ್ಸಿಯಾ ಡಿ 50ರಲ್ಲಿ ಎಂಜಿನ್ ಚಾಸಿಗೆ ಹೆಗಲು ಕೊಟ್ಟಿತ್ತು. 1966ರಲ್ಲಿ ಬಿಆರ್‌ಎಂ ಎಂಜಿನ್ನಿನೊಡನೆ ಲೋಟಸ್ ಕೂಡ ಇದನ್ನು ಮಾಡಿ ನೋಡಿತ್ತು. ಈ ಸಲ ಎಂಜಿನ್ನನ್ನೇ ಇದಕ್ಕೆಂದು ರೂಪಿಸಲಾಯಿತು. ಫೋರ್ಡ್ ಕಂಪನಿ ಒಂದು ಲಕ್ಷ ಪೌಂಡ್ ಕೊಟ್ಟಿತು, ಕಾಸ್ವರ್ತ್‌ನ ಕೀತ್ ಡಕ್ವರ್ತ್ ಡಿಎಫ್‌ವಿ ಎಂಜಿನ್ ಮಾಡಿಕೊಟ್ಟರು.

1967ರ ಜೂನ್ 4ರಂದು ಹಾಲೆಂಡಿನ ಜಾಂಡ್‌ವೂರ್ಟ್‌ನಲ್ಲಿ ಇಳಿದ ಮೊದಲ ರೇಸಿನಲ್ಲೇ ಕ್ಲಾರ್ಕ್ ಈ ಕಾರನ್ನು ಗೆಲ್ಲಿಸಿದರು. ಆದರೆ ಜುಲೈನ ಬ್ರಿಟಿಷ್ ಗ್ರಾನ್ ಪ್ರಿಯಲ್ಲಿ ಮುಂದಿದ್ದ ಗ್ರಹಾಂ ಹಿಲ್ ಅವರ ಕಾರಿನ ಹಿಂದಿನ ಸಸ್ಪೆನ್ಷನ್ನಿನ ಬೋಲ್ಟೊಂದು ಬಿದ್ದುಹೋಗಿ ಗೆಲುವು ತಪ್ಪಿತು. ಅಕ್ಟೋಬರಿನಲ್ಲಿ ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಇನ್ನು ಎರಡು ಸುತ್ತು ಇರುವಾಗ ಕ್ಲಾರ್ಕ್ ಅವರ ಹಿಂದಿನ ಸಸ್ಪೆನ್ಷನ್ ಮುರಿದು ಗಾಲಿ ವಾಲಿತು. ಅವರು ಅದನ್ನು ಸಂಭಾಳಿಸಿಕೊಂಡು ಬಂದು ಗೆದ್ದರು. ಆ ವರ್ಷದ ಚಾಂಪಿಯನ್ ಪಟ್ಟ ಮಾತ್ರ ಬೇರೆ ತಂಡದ ಡೆನ್ನಿ ಹುಲ್ಮ್ ಅವರ ಪಾಲಾಯಿತು.

1968ರ ಏಪ್ರಿಲ್ 7ರಂದು ಜರ್ಮನಿಯ ಹಾಕೆನ್‌ಹೈಮ್‌ನಲ್ಲಿ, ಫಾರ್ಮುಲಾ ಟೂ ರೇಸೊಂದರಲ್ಲಿ ಕ್ಲಾರ್ಕ್ ತೀರಿಕೊಂಡರು. ಚಾಪ್‌ಮನ್ ಅವರಿಗೆ ಕ್ಲಾರ್ಕ್ ಚಾಲಕನಷ್ಟೇ ಅಲ್ಲ, ಆಪ್ತ ಗೆಳೆಯ. ಆ ಆಘಾತದ ನಡುವೆಯೂ ತಂಡ ಓಡಿತು, ಗ್ರಹಾಂ ಹಿಲ್ ಆ ವರ್ಷ ಚಾಂಪಿಯನ್ ಆದರು.

ಗಾಲಿಯ ಮೇಲೆ ರೆಕ್ಕೆ

ಅಷ್ಟರಲ್ಲಿ ಲೋಟಸ್ 49ರ ಹಿಂಭಾಗಕ್ಕೆ ಮತ್ತೊಂದು ಮಾರ್ಪಾಡು ಬಂದಿತ್ತು. ಗಾಳಿಯ ಒತ್ತಡದಿಂದ ಕಾರನ್ನು ನೆಲಕ್ಕೆ ಅದುಮುವ ಎತ್ತರದ ರೆಕ್ಕೆ ಅದು. ಅದನ್ನು ಕಾರಿನ ಮೈಗೆ ಕೂರಿಸಿದರೆ ಸ್ಪ್ರಿಂಗ್‌ಗಳು ಕುಸಿಯುತ್ತವೆ. ಹಾಗಾಗಿ ತೆಳ್ಳನೆಯ ಕಂಬಗಳ ಮೇಲೆ ನಿಲ್ಲಿಸಿ, ನೇರವಾಗಿ ಹಿಂದಿನ ಗಾಲಿಗಳ ಹಬ್ ಹಿಡಿದ ಭಾಗಕ್ಕೇ ಜೋಡಿಸಿದರು. ಲೆಕ್ಕದ ಪ್ರಕಾರ ಅದು ಸರಿ. ಆದರೆ ಗಾಲಿಯ ಪ್ರತಿ ಕುಲುಕಾಟವೂ ಆ ಕಂಬಗಳಿಗೆ ತಟ್ಟುತ್ತಿತ್ತು.

1969ರ ಮೇ 4ರಂದು ಬಾರ್ಸಿಲೋನಾದ ಮಾಂಟ್‌ವಿಕ್ ಟ್ರ್ಯಾಕಿನ ದಿಬ್ಬದ ಬಳಿ ಹಿಲ್ ಅವರ ಕಾರಿನ ರೆಕ್ಕೆ ಮುರಿದು ಕಾರು ತಡೆಗೋಡೆಗೆ ಬಡಿಯಿತು. ಕೆಲವು ಸುತ್ತುಗಳ ನಂತರ ಅದೇ ಜಾಗದಲ್ಲಿ ಯೋಹೆನ್ ರಿಂಟ್ ಅವರ ಲೋಟಸ್ ರೆಕ್ಕೆಯೂ ಮುರಿಯಿತು. ಹಿಲ್ ಪಾರಾದರು, ರಿಂಟ್ ಮುಖಕ್ಕೆ ಪೆಟ್ಟಾಗಿ ಆಸ್ಪತ್ರೆ ಸೇರಿದರು. ಅದೇ ತಿಂಗಳು ಮೊನಾಕೊದಲ್ಲಿ ಎತ್ತರದ ರೆಕ್ಕೆಗಳಿಗೆ ನಿಷೇಧ ಬಿತ್ತು. ರಿಂಟ್ ಚಾಪ್‌ಮನ್ ಅವರಿಗೆ ಪತ್ರ ಬರೆದು, ಕಾರಿನ ಭಾಗಗಳನ್ನು ಸ್ವಲ್ಪ ಗಟ್ಟಿ ಮಾಡಿ, ನಂಬಿಕೆ ಇಲ್ಲದ ಕಾರನ್ನು ಓಡಿಸಲಾರೆ ಎಂದು ಕೇಳಿಕೊಂಡರು.

ಆದರೂ ರಿಂಟ್ ಲೋಟಸ್ ಬಿಡಲಿಲ್ಲ, ಗೆಲ್ಲುವ ಕಾರು ಅದೇ ಆಗಿತ್ತು. 1970ರಲ್ಲಿ ಬಂದ ಲೋಟಸ್ 72 ಮೊದಲು ಸರಿಯಾಗಿ ಓಡಲಿಲ್ಲ. ವೇಗ ಹೆಚ್ಚಿಸುವಾಗ ಹಿಂಭಾಗ ಕೂರದಂತೆ, ಬ್ರೇಕ್ ಹಾಕಿದಾಗ ಮುಂಭಾಗ ಬಾಗದಂತೆ ಸಸ್ಪೆನ್ಷನ್ನನ್ನು ಓರೆಯಾಗಿ ಜೋಡಿಸಿದ್ದರು. ಇದರಿಂದ ಚಾಲಕನಿಗೆ ಕಾರಿನ ನಡೆ ತಿಳಿಯುತ್ತಿರಲಿಲ್ಲ. ಚಾಪ್‌ಮನ್ ಹಟ ಹಿಡಿಯದೆ ಅದನ್ನು ತೆಗೆಸಿದರು. ಬಳಿಕ ರಿಂಟ್ ಸಾಲಾಗಿ ನಾಲ್ಕು ಗ್ರಾನ್ ಪ್ರಿ ಗೆದ್ದರು. ಸೆಪ್ಟೆಂಬರ್ 5ರಂದು ಇಟಲಿಯ ಮೊಂಜಾದಲ್ಲಿ ಅಭ್ಯಾಸದ ವೇಳೆ ಮುಂದಿನ ಬ್ರೇಕಿನ ಶಾಫ್ಟ್ ಮುರಿದು ಕಾರು ತಡೆಬೇಲಿಗೆ ನುಗ್ಗಿತು, ರಿಂಟ್ ಬದುಕಲಿಲ್ಲ. ಆ ವರ್ಷದ ಅಂಕಗಳಲ್ಲಿ ಅವರನ್ನು ಯಾರೂ ಮೀರಲಿಲ್ಲ. ಸತ್ತ ಮೇಲೆ ವಿಶ್ವ ಚಾಂಪಿಯನ್ ಆದ ಏಕೈಕ ಫಾರ್ಮುಲಾ ಒನ್ ಚಾಲಕ ಅವರು.

ಕೊನೆಯ ವರ್ಷಗಳು

1978ರ ಲೋಟಸ್ 79 ಕಾರಿನ ತಳದಲ್ಲಿ ಹರಿಯುವ ಗಾಳಿಯೇ ಕಾರನ್ನು ನೆಲಕ್ಕೆ ಎಳೆಯುತ್ತಿತ್ತು. ಆ ಗಾಳಿ ಹಿಂದೆ ಸರಾಗವಾಗಿ ಹೊರಹೋಗಲು ಹಿಂದಿನ ಸ್ಪ್ರಿಂಗ್‌ಗಳನ್ನು ಗಾಲಿಯ ಬಳಿಯಿಂದ ಒಳಕ್ಕೆ ಸರಿಸಲಾಯಿತು. ಮಾರಿಯೊ ಆಂಡ್ರೆಟಿ ಚಾಂಪಿಯನ್ ಆದರು. ಅದೇ ತಂಡದ ರೋನಿ ಪೀಟರ್ಸನ್ ಮೊಂಜಾದ ಅಪಘಾತದಲ್ಲಿ ಗಾಯಗೊಂಡು ತೀರಿಕೊಂಡರು. 1981ರಲ್ಲಿ ಗಾಳಿಯ ಒತ್ತಡಕ್ಕೆ ಒಂದು, ಚಾಲಕನಿಗೆ ಒಂದು ಎಂದು ಎರಡು ಚಾಸಿಗಳ ಲೋಟಸ್ 88 ಕಟ್ಟಿದರು. ಅದಕ್ಕೆ ರೇಸಿಗಿಳಿಯಲು ಅನುಮತಿಯೇ ಸಿಗಲಿಲ್ಲ.

ಬ್ರಿಟಿಷ್ ಸರ್ಕಾರದ ಹಣ ಪಡೆದಿದ್ದ ಡಿಲೋರಿಯನ್ ಕಾರು ಯೋಜನೆಯ ಅವ್ಯವಹಾರದಲ್ಲೂ ಲೋಟಸ್ ಹೆಸರು ಬಂತು. ಆ ತನಿಖೆ ಮುಗಿಯುವ ಮುನ್ನ, 1982ರ ಡಿಸೆಂಬರ್ 16ರಂದು, ಚಾಪ್‌ಮನ್ ಹೃದಯಾಘಾತದಿಂದ ನಿಧನರಾದರು. ಅವರಿಗೆ 54 ವರ್ಷ. ಅದೇ ಪ್ರಕರಣದಲ್ಲಿ ಲೋಟಸ್‌ನ ಹಣಕಾಸು ನೋಡಿಕೊಳ್ಳುತ್ತಿದ್ದ ಫ್ರೆಡ್ ಬುಶೆಲ್ 1992ರಲ್ಲಿ ಜೈಲಿಗೆ ಹೋದರು.

ಚಾಪ್‌ಮನ್ ಶುರು ಮಾಡಿಸಿದ್ದ ಕಂಪ್ಯೂಟರ್ ಹತೋಟಿಯ ಸಸ್ಪೆನ್ಷನ್ ಅವರ ಕಾಲಾನಂತರ ಟ್ರ್ಯಾಕಿಗೆ ಬಂತು. 1987ರಲ್ಲಿ ಐರ್ಟನ್ ಸೆನ್ನಾ ಅಂಥ ಲೋಟಸ್ ಕಾರಿನಲ್ಲಿ ಮೊನಾಕೊ ಗೆದ್ದರು. ಇಂದಿನ ಫಾರ್ಮುಲಾ ಒನ್ ಕಾರುಗಳಲ್ಲೂ ಚಾಲಕನ ಬೆನ್ನ ಹಿಂದೆ ಚಾಸಿ ಮುಗಿಯುತ್ತದೆ, ಎಂಜಿನ್ ಮತ್ತು ಗೇರ್‌ಬಾಕ್ಸ್ ಹಿಂದಿನ ಗಾಲಿಗಳ ಭಾರ ಹೊರುತ್ತವೆ. ಒಂದು ವ್ಯತ್ಯಾಸವಿದೆ. 1985ರಿಂದ ಈಚೆಗೆ ಫಾರ್ಮುಲಾ ಒನ್ ಕಾರುಗಳ ಚಾಸಿ ಡಿಕ್ಕಿ ಪರೀಕ್ಷೆಯಲ್ಲಿ ಪಾಸಾಗಬೇಕು. ಎಷ್ಟು ಹಗುರವಾದರೆ ಸಾಕು ಎಂಬುದನ್ನು ಈಗ ತಯಾರಕರೊಬ್ಬರೇ ತೀರ್ಮಾನಿಸುವಂತಿಲ್ಲ.