ದಿವಾನ್ ರಂಗಾಚಾರ್ಲು

ಮೈಸೂರಿನ ಅಗ್ರಹಾರದಿಂದ ಹೊರಟು, ಅರಮನೆಯ ಕೋಟೆಯನ್ನು ಬಳಸಿಕೊಂಡು ಉತ್ತರದ ಕಡೆಗೆ ನಡೆದರೆ ದೊಡ್ಡ ಗಡಿಯಾರದ ಚೌಕ ಎದುರಾಗುತ್ತದೆ. ಅದರ ಸಮೀಪದಲ್ಲಿಯೇ ಎತ್ತರವಾದ ಕಂಬಗಳ ಸಾಲನ್ನುಳ್ಳ ಹಳೆಯ ಕಟ್ಟಡವೊಂದಿದೆ. ಊರಿನವರು ಅದನ್ನು ಪುರಭವನವೆಂದು ಕರೆಯುತ್ತಾರೆ. ಅದರ ಪೂರ್ಣ ಹೆಸರಿನಲ್ಲಿ ಒಬ್ಬ ದಿವಾನರ ಹೆಸರು ಸೇರಿಕೊಂಡಿದೆ. ಅವರು ರಂಗಾಚಾರ್ಲು. ಅವರು ಮೈಸೂರಿನ ದಿವಾನರಾಗಿದ್ದುದು ಎರಡು ವರ್ಷಗಳಿಗಿಂತಲೂ ಕಡಿಮೆ ಕಾಲ. ಅಷ್ಟು ಅಲ್ಪಕಾಲ ಅಧಿಕಾರದಲ್ಲಿದ್ದ ಒಬ್ಬ ಅಧಿಕಾರಿಯನ್ನು ನಾಡು ಇಷ್ಟು ದೀರ್ಘಕಾಲ ನೆನಪಿನಲ್ಲಿ ಇಟ್ಟುಕೊಂಡಿರುವುದೇಕೆ? ಈ ಪ್ರಶ್ನೆಗೆ ಉತ್ತರ ಅವರ ಜೀವನದಲ್ಲಿಯೇ ಇದೆ.

ರಂಗಾಚಾರ್ಲು ಅವರು ಹುಟ್ಟಿದ್ದು 1831ರಲ್ಲಿ, ಮದರಾಸು ಪ್ರಾಂತದ ಚೆಂಗಲ್ಪಟ್ಟು ಜಿಲ್ಲೆಯಲ್ಲಿ. ಅದೇ 1831ರಲ್ಲಿ ಮೈಸೂರಿನಲ್ಲಿ ಒಂದು ದೊಡ್ಡ ಘಟನೆ ನಡೆಯಿತು. ನಗರ ಸೀಮೆಯ ರೈತರ ದಂಗೆಯನ್ನು ಕಾರಣವಾಗಿ ತೋರಿಸಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ರಾಜ್ಯದ ಆಡಳಿತವನ್ನು ಕಿತ್ತುಕೊಂಡು ತಮ್ಮ ಕಮಿಷನರ ವಶಕ್ಕೆ ಒಪ್ಪಿಸಿದರು. ಆ ವರ್ಷ ಹುಟ್ಟಿದ ಶಿಶುವೇ ಐವತ್ತು ವರ್ಷಗಳ ಬಳಿಕ, ರಾಜ್ಯವು ಮತ್ತೆ ಒಡೆಯರ ಕೈಸೇರಿದಾಗ, ಅದರ ಮೊದಲನೆಯ ದಿವಾನನಾಗುವನೆಂದು ಆಗ ಯಾರು ತಾನೇ ಊಹಿಸಬಲ್ಲವರಾಗಿದ್ದರು?

ಮದರಾಸಿನಲ್ಲಿ ಇಂಗ್ಲಿಷ್ ವಿದ್ಯಾಭ್ಯಾಸವನ್ನು ಮುಗಿಸಿ ರಂಗಾಚಾರ್ಲು ಅವರು ಕಂದಾಯ ಇಲಾಖೆಯ ನೌಕರಿಗೆ ಸೇರಿದರು. ಆ ಕಾಲದಲ್ಲಿ ಕಂದಾಯ ಇಲಾಖೆಯೆಂದರೆ ಲಂಚದ ಆಗರವೆಂಬ ಅಪಕೀರ್ತಿ ಇತ್ತು. ಭೂಮಿಯ ಅಳತೆ, ಕಂದಾಯದ ನಿಗದಿ, ಹಕ್ಕುಪತ್ರ ಮುಂತಾದುವೆಲ್ಲವೂ ಕೆಳಗಿನ ಅಧಿಕಾರಿಗಳ ಕೈಯಲ್ಲಿದ್ದುದರಿಂದ ಬಡರೈತನು ಅವರ ಮರ್ಜಿಯನ್ನು ಕಾಯಬೇಕಾಗಿತ್ತು. ಅಂತಹ ಇಲಾಖೆಯಲ್ಲಿ ಕೆಲಸಮಾಡುತ್ತಿದ್ದ ತರುಣ ಅಧಿಕಾರಿಯು ಅದರ ಲಂಚಗುಳಿತನವನ್ನು ಕುರಿತು ಲೇಖನಿಯನ್ನು ಹಿಡಿದರೆ ತನ್ನ ಭವಿಷ್ಯಕ್ಕೇ ಅಪಾಯವನ್ನು ತಂದುಕೊಂಡಂತೆ. ಆದರೂ ರಂಗಾಚಾರ್ಲು ಅವರು ಆ ವಿಷಯವಾಗಿ ಒಂದು ಕಿರುಹೊತ್ತಗೆಯನ್ನು ಬರೆದರು.

ಅನಂತರ ಅವರು ಇನಾಂ ಕಮಿಷನ್ನಿನಲ್ಲಿ ಕೆಲಸಮಾಡಿದರು. ಹಿಂದಿನ ಅರಸರೂ ಪಾಳೆಯಗಾರರೂ ದೇವಾಲಯಗಳಿಗೆ, ವಿದ್ವಾಂಸರಿಗೆ, ಸೇವಕರಿಗೆ ಬಿಟ್ಟಿದ್ದ ಭೂಮಿಗಳಲ್ಲಿ ಯಾವುದು ಸಾಚಾ, ಯಾವುದು ಖೋಟಾ ಎಂದು ಪರಿಶೀಲಿಸುವುದು ಆ ಕಮಿಷನ್ನಿನ ಕೆಲಸ. ಒಂದು ಸಹಿಯಿಂದ ಒಂದು ಕುಟುಂಬದ ಬದುಕು ಉಳಿಯಬಹುದು, ಇಲ್ಲವೇ ಅಳಿಯಬಹುದು. ಇಂತಹ ಸ್ಥಾನದಲ್ಲಿ ಆಮಿಷಗಳಿಗೆ ಕೊರತೆಯಿರುವುದಿಲ್ಲ. ರಂಗಾಚಾರ್ಲು ಅವರು ಅಲ್ಲಿ ದಕ್ಷತೆಯಿಂದ ಕೆಲಸಮಾಡಿ, ಮೇಲಧಿಕಾರಿಗಳ ವಿಶ್ವಾಸವನ್ನು ಗಳಿಸಿದರು. ಮುಂದೆ ಕಲ್ಲಿಕೋಟೆಯಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದಾಗ ಅವರಿಗೆ ಮೈಸೂರಿನಿಂದ ಕರೆ ಬಂದಿತು.

1868ರ ಮಾರ್ಚಿ 27ರಂದು ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವರ್ಗಸ್ಥರಾದರು. ಅವರ ದತ್ತುಪುತ್ರರಾದ ಚಾಮರಾಜೇಂದ್ರ ಒಡೆಯರು ಆಗಿನ್ನೂ ಐದು ವರ್ಷದ ಬಾಲಕರು. ಅರಮನೆಯ ವ್ಯವಹಾರವೋ ಗೋಜಲಾಗಿತ್ತು. ಸಾಲಗಾರರು ಹಲವರು, ಸಂಬಳಗಾರರು ಸಾವಿರಾರು ಮಂದಿ; ಯಾವ ವಸ್ತು ಯಾರ ವಶದಲ್ಲಿದೆಯೆಂಬ ಲೆಕ್ಕವೇ ಸರಿಯಾಗಿರಲಿಲ್ಲ. ಇದನ್ನು ಸರಿಪಡಿಸಲು ನೇಮಕವಾದ ಮೇಜರ್ ಎಲಿಯಟ್ ಅವರಿಗೆ ನೆರವಾಗಲು ರಂಗಾಚಾರ್ಲು ಅವರು ಬಂದರು. ಮುಂದೆ ತಾವೇ ಅರಮನೆಯ ಕಂಟ್ರೋಲರ್ ಆದರು. ಸಾಲಗಳನ್ನು ಪರಿಶೀಲಿಸಿ ತೀರಿಸುವುದು, ಅನಗತ್ಯವಾದ ಊಳಿಗವನ್ನು ಕಡಿಮೆಮಾಡುವುದು, ಪ್ರತಿಯೊಂದು ಪದಾರ್ಥವನ್ನೂ ಪಟ್ಟಿಗೆ ಸೇರಿಸುವುದು—ಇವೆಲ್ಲ ಹೊಗಳಿಕೆಯನ್ನು ತರುವ ಕೆಲಸಗಳಲ್ಲ, ಹಗೆಯನ್ನು ತರುವ ಕೆಲಸಗಳು. ಅವುಗಳನ್ನು ಅವರು ನಿರ್ದಾಕ್ಷಿಣ್ಯವಾಗಿ ಮಾಡಿದರು.

ಬ್ರಿಟಿಷರ ನೌಕರಿಯಲ್ಲಿ ಬೆಳೆದವರಾದರೂ ಬ್ರಿಟಿಷರು ಮಾಡಿದುದೆಲ್ಲವನ್ನೂ ಒಪ್ಪುವ ಸ್ವಭಾವ ಅವರದಾಗಿರಲಿಲ್ಲ. ಮೈಸೂರಿನಲ್ಲಿ ಕಮಿಷನರ ಆಳ್ವಿಕೆಯನ್ನು ವಿಮರ್ಶಿಸಿ ಅವರು ಬರೆದ ಹೊತ್ತಗೆಯೊಂದು 1874ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಹೆಚ್ಚು ಸಂಬಳದ ಐರೋಪ್ಯ ಅಧಿಕಾರಿಗಳ ಸಂಖ್ಯೆ ಬೆಳೆಯುತ್ತ ಹೋಗಿ ಆಡಳಿತವು ಜನರಿಗೆ ಭಾರವಾಗುತ್ತಿದೆಯೆಂಬುದು ಅವರ ವಾದವಾಗಿತ್ತು. ತಾನು ಯಾರ ಕೈಕೆಳಗೆ ಇರುವನೋ ಅವರ ತಪ್ಪನ್ನೇ ಎತ್ತಿಹೇಳುವುದು ಸುಲಭದ ಮಾತಲ್ಲ.

ಈ ನಡುವೆ ಮೈಸೂರಿಗೆ ಘೋರವಾದ ವಿಪತ್ತು ಒದಗಿತು. 1876ರಿಂದ 1878ರ ವರೆಗೆ ನಾಡನ್ನು ಸುಟ್ಟ ಆ ಕ್ಷಾಮವನ್ನು ಹಿರಿಯರು ಧಾತು ವರ್ಷದ ಬರವೆಂದು ಬಹುಕಾಲ ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೂ ಮಿಗಿಲಾಗಿದ್ದ ಮೈಸೂರಿನ ಜನಸಂಖ್ಯೆ 1881ರ ಗಣತಿಯ ವೇಳೆಗೆ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಮದರಾಸಿನಿಂದ ಬೆಂಗಳೂರಿನ ವರೆಗೆ ರೈಲು ಇದ್ದಿತು. ಧಾನ್ಯವು ಅಲ್ಲಿಯ ತನಕ ಬಂದು ಬೀಳುತ್ತಿತ್ತು. ಆದರೆ ಅಲ್ಲಿಂದ ಹಳ್ಳಿಗಳಿಗೆ ಅದನ್ನು ಸಾಗಿಸಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತಿದ್ದವು. ಒಂದು ಕಡೆ ಧಾನ್ಯದ ರಾಶಿ, ಇನ್ನೊಂದು ಕಡೆ ಹಸಿವಿನ ಸಾವು; ನಡುವೆ ದಾರಿಯಿಲ್ಲ. ಈ ದೃಶ್ಯವನ್ನು ಕಂಡ ಅಧಿಕಾರಿಗಳಲ್ಲಿ ರಂಗಾಚಾರ್ಲು ಅವರೂ ಒಬ್ಬರು.

1881ರ ಮಾರ್ಚಿ 25ರಂದು ಬ್ರಿಟಿಷರು ರಾಜ್ಯವನ್ನು ಹದಿನೆಂಟು ವರ್ಷದ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ರಂಗಾಚಾರ್ಲು ಅವರು ದಿವಾನರಾದರು. ಟಿ. ಆರ್. ಎ. ತಂಬುಚೆಟ್ಟಿ, ಪೂರ್ಣಯ್ಯನವರ ವಂಶದ ಪಿ. ಎನ್. ಕೃಷ್ಣಮೂರ್ತಿ, ಎ. ಆರ್. ಸಭಾಪತಿ ಮೊದಲಿಯಾರ್ ಇವರನ್ನೊಳಗೊಂಡ ಆಲೋಚನಾ ಸಭೆಯೊಂದು ಅವರ ನೆರವಿಗಿತ್ತು. ಆದರೆ ಅವರ ಕೈಗೆ ಬಂದದ್ದು ಬರಿದಾದ ಬೊಕ್ಕಸ. ಕ್ಷಾಮದ ಫಲವಾಗಿ ರಾಜ್ಯದ ತಲೆಯ ಮೇಲೆ ಎಂಬತ್ತು ಲಕ್ಷ ರೂಪಾಯಿಗಳ ಸಾಲವಿತ್ತು. ವರ್ಷದ ಆದಾಯ ಸುಮಾರು ಒಂದು ಕೋಟಿ ರೂಪಾಯಿ. ಬ್ರಿಟಿಷರಿಗೆ ವರ್ಷವರ್ಷವೂ ಸಲ್ಲಿಸಬೇಕಾದ ಪೊಗದಿಯನ್ನು ಇಪ್ಪತ್ತನಾಲ್ಕೂವರೆ ಲಕ್ಷದಿಂದ ಮೂವತ್ತೈದು ಲಕ್ಷಕ್ಕೆ ಏರಿಸಲಾಗಿತ್ತು. ರಾಜ್ಯದ ದುಃಸ್ಥಿತಿಯನ್ನು ನೋಡಿ ಹೆಚ್ಚಳದ ಭಾಗವನ್ನು ಮೊದಲ ಐದು ವರ್ಷಗಳ ಮಟ್ಟಿಗೆ ತಡೆಹಿಡಿದರೆಂಬುದಷ್ಟೇ ಸಮಾಧಾನ.

ಇಂತಹ ಸ್ಥಿತಿಯಲ್ಲಿ ದಿವಾನನ ಮುಂದೆ ಎರಡು ದಾರಿಗಳಿದ್ದವು. ಕ್ಷಾಮದಿಂದ ಬೆಂದ ರೈತನ ಮೇಲೆ ತೆರಿಗೆಯನ್ನು ಹೆಚ್ಚಿಸುವುದು ಒಂದು; ಸರ್ಕಾರವು ತನ್ನ ಖರ್ಚನ್ನೇ ತಗ್ಗಿಸಿಕೊಳ್ಳುವುದು ಇನ್ನೊಂದು. ರಂಗಾಚಾರ್ಲು ಅವರು ಎರಡನೆಯದನ್ನು ಹಿಡಿದರು. ದೊಡ್ಡ ಸಂಬಳದ ಹುದ್ದೆಗಳನ್ನು ಕಡಿಮೆಮಾಡಿದರು, ಕಚೇರಿಗಳನ್ನು ಒಂದುಗೂಡಿಸಿದರು, ಹಾಸನ, ಚಿತ್ರದುರ್ಗ ಜಿಲ್ಲೆಗಳನ್ನು ಪ್ರತ್ಯೇಕ ಜಿಲ್ಲೆಗಳಾಗಿ ಉಳಿಸದೆ ನೆರೆಯ ಜಿಲ್ಲೆಗಳಿಗೆ ಸೇರಿಸಿದರು. ಕೆಲಸವನ್ನು ಕಳೆದುಕೊಂಡವರು ದಿವಾನರನ್ನು ಶಪಿಸಿದುದು ಸಹಜ. ಅವರ ಎಲ್ಲ ನಿರ್ಧಾರಗಳೂ ಬಾಳಿದುವೆಂದು ಹೇಳಲಾಗದು. ಹಾಸನ, ಚಿತ್ರದುರ್ಗಗಳು 1886ರಲ್ಲಿ ಮತ್ತೆ ಜಿಲ್ಲೆಗಳಾದವು. ದೂರದ ಊರಿನ ಜನರಿಗೆ ಕಚೇರಿಯು ಇನ್ನೂ ದೂರವಾದರೆ ಉಂಟಾಗುವ ಕಷ್ಟವನ್ನು ಮಿತವ್ಯಯದ ಲೆಕ್ಕವೊಂದೇ ತೋರಿಸಲಾರದು. ದೊಡ್ಡವರ ಜೀವನವನ್ನು ಓದುವಾಗ ಅವರ ತಪ್ಪುಗಳನ್ನೂ ಓದಬೇಕು. ಆದರೆ ಉಳಿತಾಯವನ್ನು ಬಡವನ ಗಂಜಿಯಿಂದ ಮೊದಲುಮಾಡದೆ ಸರ್ಕಾರದ ಮನೆಯಿಂದಲೇ ಮೊದಲುಮಾಡಿದರೆಂಬುದನ್ನು ಮರೆಯಬಾರದು.

ಖರ್ಚನ್ನು ಕತ್ತರಿಸಿದ ಕೈಯೇ ರೈಲುದಾರಿಯ ವಿಷಯದಲ್ಲಿ ಉದಾರವಾಯಿತು. ಕ್ಷಾಮದ ಪಾಠವನ್ನು ರಂಗಾಚಾರ್ಲು ಅವರು ಮರೆತಿರಲಿಲ್ಲ. ಬೆಂಗಳೂರು ಮೈಸೂರುಗಳ ನಡುವೆ ಕ್ಷಾಮನಿವಾರಣೆಯ ಕಾಮಗಾರಿಯಾಗಿ ತೊಡಗಿದ್ದ ರೈಲುದಾರಿಯು 1882ರಲ್ಲಿ ಮೈಸೂರನ್ನು ಮುಟ್ಟಿತು. ಬೇಸಾಯವೊಂದನ್ನೇ ನಂಬಿದ ನಾಡು ಮಳೆ ಕೈಕೊಟ್ಟ ವರ್ಷ ಕೈಚೆಲ್ಲಬೇಕಾಗುತ್ತದೆ; ಆದುದರಿಂದ ಕೈಗಾರಿಕೆಗಳೂ ಬೆಳೆಯಬೇಕೆಂದು ಅವರು ಜನರಿಗೆ ತಿಳಿಯಹೇಳಿದರು.

ಆದರೆ ರಂಗಾಚಾರ್ಲು ಅವರ ಹೆಸರನ್ನು ಚಿರಸ್ಥಾಯಿಯಾಗಿ ಮಾಡಿದ ಕಾರ್ಯ ಬೇರೊಂದು. ಅದೇ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸ್ಥಾಪನೆ. 1881ರ ಆಗಸ್ಟ್ ತಿಂಗಳಲ್ಲಿ ಮಹಾರಾಜರ ಅಪ್ಪಣೆ ಹೊರಟಿತು. ಪ್ರತಿಯೊಂದು ತಾಲ್ಲೂಕಿನಿಂದ ತಿಳಿವಳಿಕೆಯುಳ್ಳ ಇಬ್ಬರು ಬೇಸಾಯಗಾರರು, ಪ್ರತಿಯೊಂದು ಜಿಲ್ಲೆಯಿಂದ ಮೂರು ನಾಲ್ಕು ಮಂದಿ ವರ್ತಕರು ದಸರೆಯ ಸಮಯದಲ್ಲಿ ಮೈಸೂರಿಗೆ ಬರಬೇಕು. ಸರ್ಕಾರವು ಹಿಂದಿನ ವರ್ಷ ಮಾಡಿದುದೇನು, ಮುಂದೆ ಮಾಡಬೇಕೆಂದಿರುವುದೇನು ಎಂಬುದನ್ನು ಅವರ ಮುಂದೆ ಇಡಲಾಗುವುದು. ಅವರು ತಮ್ಮ ಕಡೆಯ ಕುಂದುಕೊರತೆಗಳನ್ನು ಹೇಳಿಕೊಳ್ಳಬಹುದು. 1881ರ ಅಕ್ಟೋಬರ್ 7ರಂದು 144 ಮಂದಿ ಪ್ರತಿನಿಧಿಗಳ ಮುಂದೆ ದಿವಾನರು ನಿಂತು ರಾಜ್ಯದ ಆದಾಯ ವೆಚ್ಚಗಳ ವಿವರವನ್ನು ನೀಡಿದರು. ಭಾರತದ ರಾಷ್ಟ್ರೀಯ ಕಾಂಗ್ರೆಸ್ಸು ಹುಟ್ಟಲು ಇನ್ನೂ ನಾಲ್ಕು ವರ್ಷಗಳಿದ್ದವು.

ಆ ಸಭೆಗೆ ಮಿತಿಗಳು ಹಲವು ಇದ್ದವು. ಸದಸ್ಯರನ್ನು ಜನರು ಚುನಾಯಿಸಿರಲಿಲ್ಲ. ಭೂಮಿಯಾಗಲಿ ವ್ಯಾಪಾರವಾಗಲಿ ಇಲ್ಲದ ಕೂಲಿಗಾರನಿಗೆ ಅಲ್ಲಿ ಸ್ಥಾನವಿರಲಿಲ್ಲ, ಸ್ತ್ರೀಯರಿಗೂ ಇರಲಿಲ್ಲ. ಕಾನೂನನ್ನು ಮಾಡುವ ಅಥವಾ ತಡೆಯುವ ಅಧಿಕಾರ ಸಭೆಗೆ ಇರಲಿಲ್ಲ. ಹೀಗಿದ್ದರೂ ಅದರ ಬೆಲೆಯನ್ನು ಕಡಿಮೆಯೆಂದು ಎಣಿಸಬಾರದು. ಅದುವರೆಗೆ ಪ್ರಜೆಯು ಅರ್ಜಿಯನ್ನು ಹಿಡಿದು ಅಧಿಕಾರಿಯ ಬಾಗಿಲಿನಲ್ಲಿ ಕಾಯುತ್ತಿದ್ದನು. ಈಗ ರಾಜ್ಯದ ಅತ್ಯುನ್ನತ ಅಧಿಕಾರಿಯು ಲೆಕ್ಕದ ಪುಸ್ತಕವನ್ನು ಹಿಡಿದು ಪ್ರಜೆಯ ಮುಂದೆ ನಿಂತನು. ಕೊಟ್ಟವನಿಗೆ ಲೆಕ್ಕವನ್ನು ಕೇಳುವ ಹಕ್ಕು ಉಂಟೆಂಬ ತತ್ತ್ವ ಅಲ್ಲಿ ಬೇರೂರಿತು. 1891ರಿಂದ ಸದಸ್ಯರ ಚುನಾವಣೆ ಆರಂಭವಾಯಿತು. 1923ರಲ್ಲಿ ಸಭೆಗೆ ಶಾಸನಬದ್ಧವಾದ ಸ್ಥಾನ ದೊರೆಯಿತು. 1949ರ ವರೆಗೆ ಅದು ಬಾಳಿತು.

ಸತ್ಯವನ್ನು ನುಡಿದ ಅಧಿಕಾರಿಗಳು ಬೇರೆ ದೇಶಗಳಲ್ಲಿಯೂ ಇದ್ದರು. ಹದಿನಾರನೆಯ ಶತಮಾನದ ಚೀನಾ ದೇಶದಲ್ಲಿ ಹೈ ರುಯಿ ಎಂಬ ಅಧಿಕಾರಿಯಿದ್ದನು. ಚಕ್ರವರ್ತಿಯು ರಾಜ್ಯಭಾರವನ್ನು ಅಲಕ್ಷಿಸಿದುದನ್ನು ಕಂಡು ಅವನು ಆತನ ತಪ್ಪುಗಳನ್ನೇ ವಿವರಿಸಿ ವಿಜ್ಞಾಪನೆಯನ್ನು ಸಲ್ಲಿಸಿದನು. ಅದಕ್ಕಾಗಿ ಸೆರೆಮನೆಗೆ ಹೋದನು. ಚಕ್ರವರ್ತಿಯು ಸತ್ತ ಮೇಲೆಯೇ ಅವನಿಗೆ ಬಿಡುಗಡೆಯಾಯಿತು. ಅವನ ಧೈರ್ಯಕ್ಕೆ ನಾವು ತಲೆಬಾಗಲೇಬೇಕು. ಆದರೆ ಅಂತಹ ವ್ಯವಸ್ಥೆಯಲ್ಲಿ ಪ್ರಜೆಯ ದುಃಖವು ದೊರೆಯ ಕಿವಿಯನ್ನು ಮುಟ್ಟಬೇಕಾದರೆ ಪ್ರಾಣದ ಹಂಗನ್ನು ತೊರೆದ ಒಬ್ಬ ವ್ಯಕ್ತಿ ಹುಟ್ಟಿಬರಬೇಕು. ಅವನು ಅಳಿದರೆ ದಾರಿಯೂ ಅಳಿಯುತ್ತದೆ. ರಂಗಾಚಾರ್ಲು ಅವರಿಗೆ ಹೈ ರುಯಿಯಂತೆ ಪ್ರಾಣವನ್ನು ಪಣಕ್ಕೆ ಒಡ್ಡುವ ಪ್ರಸಂಗ ಬರಲಿಲ್ಲ. ಅವರು ಮಾಡಿದ್ದು ಇನ್ನೊಂದು ಬಗೆಯ ಕೆಲಸ. ಪ್ರಾಮಾಣಿಕನಾದ ಅಧಿಕಾರಿ ಇರಲಿ ಇಲ್ಲದಿರಲಿ, ಪ್ರಜೆಯೇ ಬಂದು ವರ್ಷಕ್ಕೊಮ್ಮೆ ಕೇಳಬಹುದಾದ ಸ್ಥಳವೊಂದನ್ನು ಅವರು ನಿರ್ಮಿಸಿದರು.

ಈ ದುಡಿಮೆಯು ಅವರ ದೇಹವನ್ನು ಸವೆಸಿತು. 1882ರ ದಸರೆಯಲ್ಲಿ ಎರಡನೆಯ ಸಭೆಯನ್ನು ನಡೆಸಿದ ಕೆಲವೇ ತಿಂಗಳುಗಳಲ್ಲಿ, 1883ರ ಜನವರಿ 20ರಂದು, ಅವರು ಮದರಾಸಿನಲ್ಲಿ ಕಾಲವಾದರು. ತಮ್ಮ ಅನಂತರ ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಬೇಕೆಂಬುದು ಅವರ ಶಿಫಾರಸಾಗಿತ್ತು. ಶೇಷಾದ್ರಿ ಅಯ್ಯರ್ ಅವರನ್ನು 1868ರಲ್ಲಿ ಮೈಸೂರಿನ ಸೇವೆಗೆ ಕರೆತಂದವರೂ ಅವರೇ. ತಮಗಿಂತ ಕಿರಿಯನಾದ ಸಮರ್ಥನನ್ನು ಗುರುತಿಸಿ ದಾರಿಬಿಡುವುದೂ ಅಧಿಕಾರಿಯ ಧರ್ಮವಲ್ಲವೇ? ಶೇಷಾದ್ರಿ ಅಯ್ಯರ್ ಅವರು ಮುಂದೆ ಹದಿನೆಂಟು ವರ್ಷಗಳ ಕಾಲ ದಿವಾನರಾಗಿದ್ದು, ಹಿರಿಯರು ಹಾಕಿದ ತಳಹದಿಯ ಮೇಲೆ ಕಟ್ಟಡವನ್ನು ಎಬ್ಬಿಸಿದರು.

ರಂಗಾಚಾರ್ಲು ಅವರ ಹೆಸರಿನ ಭವನದ ನಿರ್ಮಾಣವು 1884ರಲ್ಲಿ ಮೊದಲಾಯಿತು. ಇಂದು ಅದರ ಮುಂದೆ ದಿನವೂ ಸಾವಿರಾರು ಜನರು ಹಾದುಹೋಗುತ್ತಾರೆ. ಬಹುಮಂದಿ ತಲೆಯೆತ್ತಿ ನೋಡುವುದಿಲ್ಲ. ಅದರಿಂದ ಅವರಿಗೇನೂ ಕೊರತೆಯಿಲ್ಲ. ಗ್ರಾಮಸಭೆಯಲ್ಲಿ ಎದ್ದುನಿಂತು, ತಮ್ಮೂರಿನ ಕೆರೆಗೆಂದು ಬಂದ ಹಣ ಏನಾಯಿತೆಂದು ಸಾಮಾನ್ಯನೊಬ್ಬನು ಕೇಳಿದಾಗ, ಅಧಿಕಾರಿಯು ಲೆಕ್ಕವನ್ನು ತೆರೆದು ಉತ್ತರ ಹೇಳಿದಾಗ, ರಂಗಾಚಾರ್ಲು ಅವರು ಆರಂಭಿಸಿದ ಕಾರ್ಯ ಮುಂದುವರಿಯುತ್ತದೆ.