ಸಿಡುಬಿಗೆ ದಾಕು ಹಾಕಿಸಿದ ಫ್ರಾನ್ಸಿನ ಪಾದ್ರಿ: ಮೈಸೂರು ಸೀಮೆಯ ‘ದೊಡ್ಡಸ್ವಾಮಿ’ ಅಬ್ಬೆ ದುಬಾಯ್ ಕಥೆ

ನಾಯಕನಹಟ್ಟಿ: ನಿಮ್ಮ ಮನೆಯಲ್ಲಿ ಅರವತ್ತು ದಾಟಿದ ಅಜ್ಜ, ಅಜ್ಜಿ ಇದ್ದರೆ ಒಂದ್ಸಲ ಅವರ ತೋಳು ನೋಡಿ. ದುಂಡಗೆ, ಸ್ವಲ್ಪ ಗುಳಿ ಬಿದ್ದ ಕಲೆ ಇರುತ್ತೆ. ಅದು ಸಿಡುಬಿಗೆ ದಾಕು ಹಾಕಿಸಿಕೊಂಡ ಗುರುತು. ನಮ್ಮಜ್ಜಿ ತೋಳಲ್ಲೂ ಇದೆ. ಅಮ್ಮ ಬಂದರೆ ಊರಿಗೆ ಊರೇ ಬೇವಿನ ಸೊಪ್ಪು ಕಟ್ಟಿಕೊಂಡು ಕೂರುತ್ತಿದ್ದ ಕಾಲ ಅದು. ಈಗ ಆ ರೋಗವೇ ಇಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಜಗತ್ತಿನಿಂದಲೇ ತೊಲಗಿತು ಅಂತ ಘೋಷಿಸಿತು.

ಮೈಸೂರು ಸೀಮೆಯಲ್ಲಿ ಈ ದಾಕನ್ನು ಶುರುವಿನಲ್ಲೇ ಜನರಿಗೆ ಹಾಕಿಸಲು ಓಡಾಡಿದವರಲ್ಲಿ ಒಬ್ಬರು ಫ್ರಾನ್ಸ್ ದೇಶದ ಕ್ರೈಸ್ತ ಪಾದ್ರಿ. ಹೆಸರು ಜಾನ್ ಆಂಟ್ವಾನ್ ದುಬಾಯ್. ಫ್ರೆಂಚ್‌ನಲ್ಲಿ ಪಾದ್ರಿಗಳಿಗೆ ‘ಅಬ್ಬೆ’ ಅಂತಾರೆ. ನಮ್ಮ ಕನ್ನಡದಲ್ಲಿ ಅಬ್ಬೆ ಅಂದ್ರೆ ತಾಯಿ. ಇಲ್ಲಿನ ಜನ ಮಾತ್ರ ಅವರನ್ನು ದೊಡ್ಡಸ್ವಾಮಿಯವರು ಅಂತ ಕರೆದರು.

ಊರು ಬಿಟ್ಟು ಬಂದ ಯುವಕ

ದುಬಾಯ್ ಹುಟ್ಟಿದ್ದು 1766ರಲ್ಲಿ, ದಕ್ಷಿಣ ಫ್ರಾನ್ಸಿನ ಒಂದು ಸಣ್ಣ ಹಳ್ಳಿಯಲ್ಲಿ. ಪಾದ್ರಿ ದೀಕ್ಷೆ ತಗೊಂಡಿದ್ದು 1792ರಲ್ಲಿ. ಆಗ ಫ್ರಾನ್ಸಿನಲ್ಲಿ ಮಹಾಕ್ರಾಂತಿ ನಡೆದಿತ್ತು. ಪಾದ್ರಿಗಳಿಗೆ ಜೀವ ಉಳಿಸಿಕೊಳ್ಳೋದೇ ಕಷ್ಟವಾಗಿತ್ತು. ಅದೇ ವರ್ಷ ಹಡಗು ಹತ್ತಿ ಪುದುಚೇರಿ ಕಡೆಗೆ ಬಂದರು. ತಮಿಳು ಸೀಮೆಯಲ್ಲಿ ಕೆಲವು ವರ್ಷ ಇದ್ದು ಭಾಷೆ ಕಲಿತರು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಯುದ್ಧದಲ್ಲಿ ತೀರಿಕೊಂಡ. ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ್ ಪಟ್ಟಕ್ಕೆ ಬಂದರು, ಆಡಳಿತ ದಿವಾನ್ ಪೂರ್ಣಯ್ಯನವರ ಕೈಗೆ ಬಂತು. ನಮ್ಮ ಚಿತ್ರದುರ್ಗ ಸೀಮೆ ಕೂಡ ಆಗ ಮೈಸೂರಿಗೇ ಸೇರಿತ್ತು. ದುಬಾಯ್ ಮೈಸೂರಿಗೆ ಬಂದಿದ್ದು ಇದೇ ಹೊತ್ತಿಗೆ.

ಅವರ ಮುಂದೆ ಇದ್ದ ಕೆಲಸ ಸುಲಭದ್ದಲ್ಲ. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬರಲಾಗಿತ್ತು. ದಾರಿಯಲ್ಲೇ ಸತ್ತವರು ಎಷ್ಟೋ. ಉಳಿದವರಲ್ಲಿ ಬಹಳ ಜನರನ್ನು ಬಲವಂತವಾಗಿ ಮತಾಂತರ ಮಾಡಿದ್ದರು. ಹೀಗೆ ಚೆದುರಿದ ಜನರನ್ನು ಒಟ್ಟು ಹಾಕಿ, ಮತ್ತೆ ಚರ್ಚಿಗೆ ಸೇರಿಸಿಕೊಂಡವರು ದುಬಾಯ್. ಬರೀ ಪ್ರಾರ್ಥನೆ ಮಾಡಿಸಿದರೆ ಹೊಟ್ಟೆ ತುಂಬಲ್ಲ ಅಂತ ಅವರಿಗೆ ಗೊತ್ತಿತ್ತು. ಹಾಸನದ ಹತ್ತಿರ ಸಾತಳ್ಳಿಯಲ್ಲಿ ಜನರನ್ನು ನೆಲೆ ನಿಲ್ಲಿಸಿ ಬೇಸಾಯಕ್ಕೆ ಹಚ್ಚಿದರು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅವರ ಹೆಸರಿನ ಚರ್ಚ್ ಇವತ್ತಿಗೂ ಇದೆ.

ಅವರು ಇಲ್ಲಿಯವರ ಹಾಗೇ ಬಟ್ಟೆ ತೊಟ್ಟರು, ತಲೆಗೆ ರುಮಾಲು ಸುತ್ತಿದರು. ಮಾಂಸ ಬಿಟ್ಟು ಇಲ್ಲಿಯ ಊಟವನ್ನೇ ಉಂಡರು. ಅದಕ್ಕೇ ಜನ ಅವರನ್ನು ಹತ್ತಿರ ಬಿಟ್ಟುಕೊಂಡರು.

ದಾಕಿನ ಕೆಲಸ

ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನಿಂದ ದಾಕು ಹಾಕುವ ವಿಧಾನ ತೋರಿಸಿದ್ದು 1796ರಲ್ಲಿ. ಭಾರತದಲ್ಲಿ ಮೊದಲ ದಾಕು ಬಿದ್ದದ್ದು 1802ರ ಜೂನ್‌ನಲ್ಲಿ, ಬೊಂಬಾಯಿಯಲ್ಲಿ ಒಂದು ಮೂರು ವರ್ಷದ ಮಗುವಿಗೆ. ಆಗ ಐಸ್ ಬಾಕ್ಸೂ ಇಲ್ಲ, ಫ್ರಿಡ್ಜೂ ಇಲ್ಲ. ಒಬ್ಬರ ತೋಳಿನ ಗುಳ್ಳೆಯ ಕೀವನ್ನು ತೆಗೆದು ಇನ್ನೊಬ್ಬರ ತೋಳಿಗೆ ಹಾಕಬೇಕು. ಹೀಗೆ ತೋಳಿಂದ ತೋಳಿಗೆ, ಊರಿಂದ ಊರಿಗೆ ಸಾಗಿಸಬೇಕು. ಜಾತಿ, ಮಡಿ ಅನ್ನೋ ಊರಲ್ಲಿ ಇದಕ್ಕೆ ಯಾರು ಒಪ್ಪುತ್ತಾರೆ? ಮೇಲಾಗಿ ಸಿಡುಬು ಅಂದ್ರೆ ಅಮ್ಮ. ಅಮ್ಮನ ಕೆಲಸಕ್ಕೆ ಅಡ್ಡ ಬರೋರು ಯಾರು?

ಅಂಥ ಕಾಲದಲ್ಲಿ, 1803-04ರ ಹೊತ್ತಿಗೆ, ಮೈಸೂರು ಸೀಮೆಯಲ್ಲಿ 25 ಸಾವಿರಕ್ಕೂ ಹೆಚ್ಚು ಜನಕ್ಕೆ ದಾಕು ಬಿತ್ತು ಅಂತ ದಾಖಲೆ ಇದೆ. ಅದರ ಹಿಂದೆ ದುಬಾಯ್ ಅವರ ದುಡಿಮೆ ಇತ್ತು. ಆ ಕೀವು ಯಾವ ಜಾತಿ, ಯಾವ ಧರ್ಮ ಅಂತ ಕೇಳಲಿಲ್ಲ.

ಅವರು ಕಲಿಸಿದ ಹಬ್ಬಗಳ ಹಿನ್ನೆಲೆ

ದುಬಾಯ್ ಸಾರುತ್ತಿದ್ದ ಧರ್ಮದ ಹಬ್ಬಗಳ ಹಿನ್ನೆಲೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಕ್ರಿಸ್‌ಮಸ್ ಅಂದ್ರೆ ಅಂಗಡಿ ಮುಂದೆ ನಕ್ಷತ್ರ ಕಟ್ಟೋದು, ಕೇಕ್ ತರೋದು ಅಷ್ಟೇ ಗೊತ್ತು.

ಯೇಸು ಬಾಳಿದ್ದು ರೋಮನ್ನರ ಆಳ್ವಿಕೆಯಲ್ಲಿದ್ದ ಯೆಹೂದ್ಯರ ನಾಡಿನಲ್ಲಿ. ಮೊದಲ ಮುನ್ನೂರು ವರ್ಷ ಅವರ ಅನುಯಾಯಿಗಳು ಆಗಾಗ ಹಿಂಸೆ ಅನುಭವಿಸಿದರು. 313ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದಲ್ಲಿ ಈ ಧರ್ಮಕ್ಕೆ ಬಹಿರಂಗವಾಗಿ ನಡೆಯಲು ಅನುಮತಿ ಸಿಕ್ಕಿತು. ಬೈಬಲ್‌ನಲ್ಲಿ ಯೇಸು ಹುಟ್ಟಿದ ತಾರೀಕು ಇಲ್ಲ. ಡಿಸೆಂಬರ್ 25ಕ್ಕೆ ಕ್ರಿಸ್‌ಮಸ್ ಆಚರಿಸಿದ ಹಳೇ ದಾಖಲೆ ಸಿಗೋದು ರೋಮ್‌ನಲ್ಲಿ, ಅದೂ 336ನೇ ಇಸವಿಯದ್ದು.

ಅದಕ್ಕಿಂತ ಹಳೆಯ ಹಬ್ಬ ಈಸ್ಟರ್. ಯೇಸು ಸತ್ತ ಮೂರನೇ ದಿನ ಎದ್ದು ಬಂದರು ಅನ್ನೋ ನಂಬಿಕೆಯ ಹಬ್ಬ ಇದು. ಕನ್ನಡ ಕ್ರೈಸ್ತರು ಪಾಸ್ಕ ಹಬ್ಬ ಅಂತಾರೆ. ಆ ಹೆಸರು ಬಂದದ್ದು ಯೆಹೂದ್ಯರ ಪಾಸ್ಕದಿಂದ. 325ರಲ್ಲಿ ನೈಸಿಯಾ ಅನ್ನೋ ಊರಲ್ಲಿ ಧರ್ಮಗುರುಗಳ ಸಭೆ ಸೇರಿ, ಎಲ್ಲರೂ ಒಂದೇ ಭಾನುವಾರ ಇದನ್ನು ಆಚರಿಸಬೇಕು ಅಂತ ತೀರ್ಮಾನ ಮಾಡಿತು. ಲೆಕ್ಕ ಹೀಗಿದೆ: ಮಾರ್ಚ್ 21ಕ್ಕೆ ಅಥವಾ ಅದರ ನಂತರ ಬರುವ ಹುಣ್ಣಿಮೆ, ಆ ಹುಣ್ಣಿಮೆ ಕಳೆದ ಮೊದಲ ಭಾನುವಾರ. ಅದಕ್ಕೂ ಮುಂಚಿನ ಶುಕ್ರವಾರ ಶಿಲುಬೆಗೇರಿಸಿದ ದಿನ, ಅದೇ ಗುಡ್ ಫ್ರೈಡೆ. ಅದಕ್ಕೂ ಹಿಂದೆ ನಲವತ್ತು ದಿನದ ಉಪವಾಸ ಕಾಲ. ಅದು ಶುರುವಾಗೋದು ಹಣೆಗೆ ಬೂದಿ ಹಚ್ಚಿಕೊಂಡು.

ನಮ್ಮ ತಿಪ್ಪೇರುದ್ರಸ್ವಾಮಿ ಜಾತ್ರೆಯ ತಾರೀಕು ವರ್ಷ ವರ್ಷ ಬದಲಾಗುತ್ತಲ್ಲ, ಹಾಗೇ ಇದೂ. ನಾವು ಫಾಲ್ಗುಣದ ಚಿತ್ತಾ ನಕ್ಷತ್ರ ನೋಡಿ ತೇರು ಎಳೀತೀವಿ, ಅವರು ಹುಣ್ಣಿಮೆ ನೋಡಿ ಭಾನುವಾರ ಹಿಡೀತಾರೆ. ಇಬ್ಬರೂ ನೋಡೋದು ಅದೇ ಚಂದ್ರನನ್ನೇ.

ಹೋಲಿಕೆ ಇಷ್ಟಕ್ಕೇ ನಿಲ್ಲಲ್ಲ. ಇಲ್ಲಿನ ಕ್ರೈಸ್ತರು ಹಬ್ಬದ ರಾತ್ರಿ ತಮಟೆ, ಕಹಳೆ, ಪಂಜು, ಬಾಣಬಿರುಸುಗಳ ನಡುವೆ, ಹೂವಿನ ಹಾರ ಹಾಕಿದ ತೇರಲ್ಲಿ ಸಂತರ ಮೂರ್ತಿ ಕೂರಿಸಿ ಎಳೆಯುತ್ತಿದ್ದರು ಅಂತ ದುಬಾಯ್ ಬರೆದಿದ್ದಾರೆ. ಅವರಿಗೆ ಅದು ಇಷ್ಟವಾಗಿರಲಿಲ್ಲ, ಹಿಂದೂ ಜಾತ್ರೆಯ ಹಾಗೇ ಇದೆ ಅಂತ ಬೇಸರ. ಆದರೆ ಧರ್ಮ ಬದಲಾದರೂ ಜನ ತೇರು ಬಿಡಲಿಲ್ಲ. ಮುಕ್ತಿ ಬಾವುಟದ ಹರಾಜು ನೋಡಿ, ಕೊಬ್ಬರಿ ಸುಟ್ಟು ಬೆಳೆದ ನಮಗೆ ಇದರಲ್ಲಿ ಆಶ್ಚರ್ಯ ಏನಿಲ್ಲ.

ಸೋತೆ ಅಂತ ಒಪ್ಪಿಕೊಂಡ ಮನುಷ್ಯ

ದುಬಾಯ್ ಇಲ್ಲಿನ ಆಚಾರ ವಿಚಾರಗಳ ಬಗ್ಗೆ ಒಂದು ದೊಡ್ಡ ಗ್ರಂಥ ಬರೆದರು. ಹಸ್ತಪ್ರತಿಯನ್ನು ಮದರಾಸಿನ ಕಂಪನಿ ಸರ್ಕಾರ 2000 ಪಗೋಡ ಕೊಟ್ಟು ಕೊಂಡಿತು. 1816ರಲ್ಲಿ ಇಂಗ್ಲಿಷ್‌ನಲ್ಲಿ ಅಚ್ಚಾಯಿತು. ಕಂಪನಿ ಅಧಿಕಾರಿಗಳು ನಮ್ಮನ್ನು ಆಳೋಕೆ ಬೇಕಾದ ತಿಳುವಳಿಕೆಯನ್ನು ಈ ಪುಸ್ತಕದಿಂದ ಪಡೆದರು ಅನ್ನೋದನ್ನ ಮರೀಬಾರದು. ಅದರಲ್ಲಿ ಜಾತಿ ಪದ್ಧತಿಯನ್ನು ಹೊಗಳಿದ್ದಾರೆ, ಅದು ಇವತ್ತು ಒಪ್ಪೋ ಮಾತಲ್ಲ. ಇನ್ನೊಂದು ತಕರಾರೂ ಇದೆ. ಆ ಗ್ರಂಥದ ಬಹುಭಾಗ, ಅವರಿಗಿಂತ ಮುಂಚೆ ತೆಲುಗು ಸೀಮೆಯಲ್ಲಿದ್ದ ಕೂರ್ದು ಅನ್ನೋ ಪಾದ್ರಿಯ ಬರಹದಿಂದ ತಗೊಂಡಿದ್ದು ಅಂತ ಫ್ರಾನ್ಸಿನ ಸಂಶೋಧಕಿ ಸಿಲ್ವಿಯಾ ಮೂರ್ 1987ರಲ್ಲಿ ತೋರಿಸಿದರು.

ಹೀಗಿದ್ದರೂ ಒಂದು ವಿಷಯದಲ್ಲಿ ಅವರ ಪ್ರಾಮಾಣಿಕತೆ ದೊಡ್ಡದು. 1823ರ ಜನವರಿಯಲ್ಲಿ, ಮೂವತ್ತು ವರ್ಷದ ಮೇಲೆ, ಅವರು ಭಾರತ ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳ ಪುಸ್ತಕ ಬಂತು. ಇಷ್ಟು ವರ್ಷ ದುಡಿದು ತಾವು ಮತಕ್ಕೆ ಸೇರಿಸಿದ್ದು ಇನ್ನೂರು ಮುನ್ನೂರು ಜನ ಅಷ್ಟೇ, ಈ ದೇಶವನ್ನು ಕ್ರೈಸ್ತ ಮಾಡೋದು ಆಗದ ಕೆಲಸ ಅಂತ ಅದರಲ್ಲಿ ಬರೆದರು. ಇಂಗ್ಲೆಂಡಿನ ಪಾದ್ರಿಗಳಿಗೆ ಸಿಟ್ಟು ಬಂತು, ಎದುರು ಪುಸ್ತಕಗಳೇ ಬಂದವು. ದುಬಾಯ್ ಮಾತು ಬದಲಿಸಲಿಲ್ಲ. ಮುಂದೆ ಪಂಚತಂತ್ರದ ಕಥೆಗಳನ್ನು ಫ್ರೆಂಚ್‌ಗೆ ತಂದರು. 1848ರ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 82 ವರ್ಷ.

ಬಂದ ಕೆಲಸದಲ್ಲಿ ಸೋತೆ ಅಂದುಕೊಂಡೇ ಹೋದ ಮನುಷ್ಯ. ಆದರೆ ಪಕ್ಕದಲ್ಲಿ ಮಾಡಿದ ದಾಕಿನ ಕೆಲಸ ಸಾವಿರಾರು ಮನೆಗಳ ಮಕ್ಕಳನ್ನು ಉಳಿಸಿತು. ಇವತ್ತಿಗೂ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದರೆ ಮಗುಗೆ ಜ್ವರ ಬರುತ್ತೆ, ಇಂಜೆಕ್ಷನ್ ಬೇಡ ಅಂತ ವಾಪಸ್ ಕಳಿಸೋ ಮನೆಗಳು ನಮ್ಮ ಹೋಬಳಿಯಲ್ಲೂ ಇವೆ. ಹಾಗೆ ಕಳಿಸೋ ಮುಂಚೆ ಮನೆಯಲ್ಲಿರೋ ಅಜ್ಜಿಯ ತೋಳು ಒಂದ್ಸಲ ನೋಡಿ.