ಮಾತಿನ ಮದ್ದು

1895ರ ಸೆಪ್ಟೆಂಬರ್ ತಿಂಗಳು. ಬರ್ಲಿನ್ ನಗರದಿಂದ ವಿಯೆನ್ನಾಕ್ಕೆ ಹೊರಟಿದ್ದ ರೈಲುಗಾಡಿಯಲ್ಲಿ 39 ವರ್ಷ ವಯಸ್ಸಿನ ವೈದ್ಯನೊಬ್ಬನು ಪೆನ್ಸಿಲು ಹಿಡಿದು ಅವಸರದಿಂದ ಬರೆಯುತ್ತಿದ್ದನು. ಮನುಷ್ಯನ ನೆನಪು, ನೋವು, ಬಯಕೆ, ಕನಸುಗಳೆಲ್ಲವನ್ನೂ ಮೆದುಳಿನ ನರಕೋಶಗಳ ವ್ಯಾಪಾರವೆಂದು ವಿವರಿಸಬೇಕೆಂಬುದು ಅವನ ಹಂಬಲವಾಗಿತ್ತು. ಆ ವೈದ್ಯನೇ ಸಿಗ್ಮಂಡ್ ಫ್ರಾಯ್ಡ್. ಮಾತಿನಿಂದ ಮನೋವ್ಯಾಧಿಯನ್ನು ಗುಣಪಡಿಸಲು ಹೊರಟವನೆಂದು ಲೋಕವು ಅವನನ್ನು ಬಲ್ಲದು. ಅದಕ್ಕೆ ಮೊದಲು ಅವನು ಸೂಕ್ಷ್ಮದರ್ಶಕದ ಮುಂದೆ ಕುಳಿತು ವರ್ಷಗಟ್ಟಲೆ ನರಗಳನ್ನು ಪರೀಕ್ಷಿಸಿದವನೆಂಬುದನ್ನು ಬಲ್ಲವರು ಕಡಿಮೆ.

ಫ್ರಾಯ್ಡನು 1856ರ ಮೇ 6ರಂದು ಮೊರಾವಿಯಾ ಪ್ರಾಂತದ ಫ್ರೈಬರ್ಗ್ ಎಂಬ ಊರಿನಲ್ಲಿ ಜನಿಸಿದನು. ಆ ಊರು ಇಂದು ಚೆಕ್ ಗಣರಾಜ್ಯದಲ್ಲಿದೆ. ತಂದೆ ಉಣ್ಣೆಯ ವ್ಯಾಪಾರಿ, ಯೆಹೂದಿ ಮನೆತನ. ಬಾಲಕನಿಗೆ ನಾಲ್ಕು ವರ್ಷವಾಗುವ ವೇಳೆಗೆ ಕುಟುಂಬವು ವಿಯೆನ್ನಾಕ್ಕೆ ಬಂದು ನೆಲೆಸಿತು. 1873ರಲ್ಲಿ ಅವನು ಅಲ್ಲಿನ ವಿಶ್ವವಿದ್ಯಾನಿಲಯವನ್ನು ಸೇರಿದನು. ವಿದ್ಯಾರ್ಥಿಯಾಗಿದ್ದಾಗಲೇ ಸಮುದ್ರತೀರದ ಟ್ರಿಯೆಸ್ಟ್ ಪಟ್ಟಣಕ್ಕೆ ಹೋಗಿ, ಗಂಡು ಹಾವುಮೀನಿನ ಜನನಾಂಗವನ್ನು ಹುಡುಕುತ್ತ ಸುಮಾರು 400 ಮೀನುಗಳನ್ನು ಕೊಯ್ದು ನೋಡಿದನು. ಅನಂತರ ಬ್ರುಕೆ ಎಂಬ ಪ್ರಾಧ್ಯಾಪಕರ ಪ್ರಯೋಗಶಾಲೆಯಲ್ಲಿ ಆರು ವರ್ಷ ನರಕೋಶಗಳ ರಚನೆಯನ್ನು ಅಭ್ಯಸಿಸಿದನು.

ಸಂಶೋಧನೆಯಿಂದ ಹೊಟ್ಟೆ ತುಂಬುವಂತಿರಲಿಲ್ಲ. 1882ರಲ್ಲಿ ಮಾರ್ತಾ ಎಂಬ ಕನ್ಯೆಯೊಡನೆ ವಿವಾಹ ನಿಶ್ಚಯವಾದಾಗ ಅವನು ಪ್ರಯೋಗಶಾಲೆಯನ್ನು ಬಿಟ್ಟು ಆಸ್ಪತ್ರೆಯನ್ನು ಸೇರಬೇಕಾಯಿತು. ಮದುವೆಯಾದುದು ನಾಲ್ಕು ವರ್ಷಗಳ ತರುವಾಯ. ಬಡತನವು ಅವನನ್ನು ರೋಗಿಗಳ ಬಳಿಗೆ ತಂದಿತೆನ್ನಬಹುದು.

ಆ ದಿನಗಳಲ್ಲಿಯೇ ಹಿರಿಯ ವೈದ್ಯ ಬ್ರಾಯರ್ ತಾನು ಉಪಚರಿಸಿದ್ದ ಒಬ್ಬ ತರುಣಿಯ ವಿಷಯವನ್ನು ಅವನಿಗೆ ತಿಳಿಸಿದನು. ಆಕೆ ಬರ್ತಾ ಪಾಪೆನ್‌ಹೈಮ್. ತಂದೆಯ ಕಾಯಿಲೆಯಲ್ಲಿ ಶುಶ್ರೂಷೆ ಮಾಡುತ್ತ ಆಕೆಯೇ ಹಾಸಿಗೆ ಹಿಡಿದಿದ್ದಳು. ಕೈಗೆ ಸ್ವಾಧೀನವಿಲ್ಲ, ತಾಯ್ನುಡಿಯಾದ ಜರ್ಮನ್ ಬಾಯಿಗೆ ಬಾರದು. ಒಮ್ಮೆ ಬೇಸಗೆಯ ತೀವ್ರ ದಾಹದಲ್ಲಿಯೂ ಆಕೆ ವಾರಗಟ್ಟಲೆ ನೀರು ಕುಡಿಯಲಾರದೆ ಹೋದಳು. ಸಂಮೋಹನದ ಸ್ಥಿತಿಯಲ್ಲಿದ್ದಾಗ, ನಾಯಿಯೊಂದು ಲೋಟದಿಂದ ನೀರು ಕುಡಿದುದನ್ನು ಕಂಡು ಅಸಹ್ಯಪಟ್ಟ ಹಳೆಯ ನೆನಪನ್ನು ಹೇಳಿಕೊಂಡಳು. ಹೇಳಿ ಮುಗಿದೊಡನೆ ನೀರು ಕೇಳಿ ಕುಡಿದಳೆಂದು ಬ್ರಾಯರ್ ಬರೆದಿದ್ದಾನೆ. ಆದರೆ ಆಕೆ ಇದರಿಂದ ಸಂಪೂರ್ಣ ಗುಣಹೊಂದಲಿಲ್ಲ, ಅನಂತರವೂ ಚಿಕಿತ್ಸಾಲಯದಲ್ಲಿರಬೇಕಾಯಿತು. ಮುಂದೆ ಚೇತರಿಸಿಕೊಂಡು, 1904ರಲ್ಲಿ ಯೆಹೂದಿ ಮಹಿಳೆಯರ ಸಂಘವನ್ನು ಕಟ್ಟಿ ದೀನರ ಸೇವೆಯಲ್ಲಿ ಹೆಸರಾದಳು.

ಫ್ರಾಯ್ಡನು ಕ್ರಮೇಣ ಸಂಮೋಹನವನ್ನು ಕೈಬಿಟ್ಟನು. ರೋಗಿಯನ್ನು ಮಂಚದ ಮೇಲೆ ಮಲಗಿಸಿ, ತಾನು ಹಿಂಬದಿಯಲ್ಲಿ ಕಾಣದಂತೆ ಕುಳಿತು, ಮನಸ್ಸಿಗೆ ತೋಚಿದುದನ್ನೆಲ್ಲ ಸಂಕೋಚವಿಲ್ಲದೆ ನುಡಿಯಬಿಡುತ್ತಿದ್ದನು. ಇದೇ ಮನೋವಿಶ್ಲೇಷಣೆ. ರೈಲಿನಲ್ಲಿ ಆರಂಭಿಸಿದ ಬರಹವನ್ನಾದರೋ ಕೆಲವೇ ತಿಂಗಳಲ್ಲಿ ಬದಿಗೊತ್ತಿದನು. ಜೀವಂತ ಮೆದುಳಿನ ವ್ಯಾಪಾರವನ್ನು ಕಾಣಿಸುವ ಯಂತ್ರ ಅಂದು ಇರಲಿಲ್ಲ. ನರಕೋಶಗಳ ಸಂಧಿಗೆ ಈಗಿನ ಸಿನಾಪ್ಸ್ ಎಂಬ ಹೆಸರು ಕೂಡ ಬಂದುದು 1897ರಲ್ಲಿ.

1917ರಲ್ಲಿ ಅವನು ಶೋಕ ಮತ್ತು ಖಿನ್ನತೆಗಳನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದನು. ಖಿನ್ನರು ತಮ್ಮನ್ನೇ ಹಳಿದುಕೊಳ್ಳುವರು. ಆ ನಿಂದೆ ನಿಜವಾಗಿ ಅವರು ಕಳೆದುಕೊಂಡ ಪ್ರಿಯರ ಮೇಲಿನ ಕೋಪವೆಂಬುದು ಅವನ ಊಹೆ. ಶೋಕವು ಅವನ ಮನೆಯನ್ನೂ ಬಿಡಲಿಲ್ಲ. 1920ರಲ್ಲಿ ಮಗಳು ಸೋಫಿ ವಿಷಮ ಜ್ವರದಂತೆ ಹಬ್ಬಿದ್ದ ಇನ್‌ಫ್ಲುಯೆಂಜಾಕ್ಕೆ ಬಲಿಯಾದಳು. 1923ರಲ್ಲಿ ಆಕೆಯ ಎಳೆಯ ಮಗನೂ ತೀರಿಕೊಂಡನು. ಅದೇ ವರ್ಷ ಫ್ರಾಯ್ಡನ ಬಾಯಿಯಲ್ಲಿ ಅರ್ಬುದ ರೋಗ ಕಾಣಿಸಿಕೊಂಡಿತು. ಮೂವತ್ತಕ್ಕೂ ಮಿಕ್ಕಿ ಶಸ್ತ್ರಕ್ರಿಯೆಗಳಾದವು. ಮಾತನ್ನೇ ಮದ್ದಾಗಿ ಮಾಡಿದವನಿಗೆ ಮಾತನಾಡುವುದೇ ಯಾತನೆಯಾಯಿತು. 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ಆಕ್ರಮಿಸಿದಾಗ ಲಂಡನ್ನಿಗೆ ವಲಸೆ ಹೋಗಿ, 1939ರ ಸೆಪ್ಟೆಂಬರ್ 23ರಂದು ಮರಣಹೊಂದಿದನು. ಹಿಂದೆ ಉಳಿದ ನಾಲ್ವರು ತಂಗಿಯರು ನಾಜಿಗಳ ಹಿಂಸೆಗೆ ಗುರಿಯಾಗಿ ಮಡಿದರು.

1895ರ ಆ ಹಸ್ತಪ್ರತಿ ಗೆಳೆಯನ ಬಳಿಯಿದ್ದ ಕಾಗದಗಳಲ್ಲಿ ಸೇರಿಹೋಗಿತ್ತು. ಶಿಷ್ಯೆ ಮೇರಿ ಬೊನಪಾರ್ಟ್ ಅವುಗಳನ್ನು ಕೊಂಡಳು. ನಾಶಮಾಡೆಂದು ಗುರುವೇ ಹೇಳಿದರೂ ಒಪ್ಪಲಿಲ್ಲ. 1950ರಲ್ಲಿ ಅದು ಅಚ್ಚಾಯಿತು.

ಖಿನ್ನತೆಯನ್ನು ಕುರಿತ ಫ್ರಾಯ್ಡನ ಊಹೆಯನ್ನು ಅಮೆರಿಕದ ಆರನ್ ಬೆಕ್ ರೋಗಿಗಳ ಕನಸುಗಳಲ್ಲಿ ಪರೀಕ್ಷಿಸಿ ನೋಡಿದನು. ಅಲ್ಲಿ ಕಂಡುದು ಅಡಗಿದ ಕೋಪವಲ್ಲ, ಸೋಲು ಮತ್ತು ನಷ್ಟಗಳ ಭಾವನೆ. ಆದುದರಿಂದ ನಿರಾಶೆಯ ಯೋಚನೆಗಳನ್ನು ರೋಗಿಯೇ ಪರಿಶೀಲಿಸಿ ತಿದ್ದಿಕೊಳ್ಳುವ ಸಂವಾದ ಚಿಕಿತ್ಸೆಯನ್ನು ಅವನು 1960ರ ದಶಕದಲ್ಲಿ ರೂಪಿಸಿದನು. ಈ ಚಿಕಿತ್ಸೆಯನ್ನು ಪಡೆದವರ ಮೆದುಳನ್ನು ಕೆನಡಾದ ಟೊರಾಂಟೊ ನಗರದ ವಿಜ್ಞಾನಿಗಳು ಪರೀಕ್ಷಿಸಿ 2004ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೆದುಳಿನ ಯಾವ ಭಾಗವು ಎಷ್ಟು ಸಕ್ಕರೆಯನ್ನು ಬಳಸುತ್ತಿದೆಯೆಂದು ತೋರಿಸುವ ಯಂತ್ರದಿಂದ, ಔಷಧಿಯಿಲ್ಲದೆ ಚೇತರಿಸಿಕೊಂಡ 14 ಮಂದಿಯನ್ನು ಚಿಕಿತ್ಸೆಗೆ ಮುನ್ನ ಹಾಗೂ ಅನಂತರ ನೋಡಲಾಯಿತು. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗದಲ್ಲಿ ಚಟುವಟಿಕೆ ಹೆಚ್ಚಿತ್ತು. ಹಣೆಯ ಹಿಂದಿನ ಭಾಗಗಳಲ್ಲಿ ತಗ್ಗಿತ್ತು. ಮಾತ್ರೆ ಸೇವಿಸಿ ಗುಣಹೊಂದಿದವರಲ್ಲಿ ಬದಲಾವಣೆ ಬೇರೆ ಬಗೆಯದಾಗಿತ್ತು. ಮುಂದಿನ ಅಧ್ಯಯನಗಳೆಲ್ಲವೂ ಇದೇ ಚಿತ್ರವನ್ನು ಕೊಟ್ಟಿಲ್ಲ. ಮಾತಿನ ಬಳಿಕ ಮೆದುಳಿನ ವ್ಯಾಪಾರವು ಬದಲಾಗುವುದನ್ನು ಮಾತ್ರ ಹಲವು ಅಧ್ಯಯನಗಳು ಕಂಡಿವೆ.